ನಲವತ್ತನೇ ದಿನದ ಸಂದೇಶ

"ಇದನ್ನ ಬರೆದೋರು ಯಾರು? ಈಗ್ಲೇ ನನ್ನ ಮುಂದೆ ಬರ್ಲಿ!"

ಆ ಕೂಗಿಗೆ ದಾಪ್‌ದಾಪ್ ಬೇಕರಿಯಲ್ಲಿದ್ದ ಗಿರಾಕಿಗಳೆಲ್ಲ ಒಮ್ಮೆಲೇ ಬಾಗಿಲ ಕಡೆ ತಿರುಗಿದರು.

ಅಲ್ಲೊಬ್ಬ ಯುವಕ ನಿಂತಿದ್ದ. ಅಂಗಿಯ ತೋಳಿಗೆಲ್ಲ ಎಂಜಿನ್ ಎಣ್ಣೆ ಮೆತ್ತಿತ್ತು. ರಾತ್ರಿಯೆಲ್ಲ ನಿದ್ದೆಯಿಲ್ಲದ ಕೆಂಪು ಕಣ್ಣು. ಕೈಯಲ್ಲಿ ಒಂದು ಹಳೆಯ ಫೋನು, ಅದಕ್ಕೆ ಹೂವಿನ ಚಿತ್ರದ ಕವರು... ನೋಡಿದರೇ ಗೊತ್ತಾಗುತ್ತಿತ್ತು, ಅದು ಅವನದಲ್ಲ.

ಕೌಂಟರಿನ ಹುಡುಗಿ ರಿಸ್ಸಾ ಬೆದರಿ, "ಏನಾಯ್ತು ಸರ್?" ಎಂದಳು.

"ಓದಮ್ಮ. ಎಲ್ಲರಿಗೂ ಕೇಳೋ ಹಾಗೆ ಓದು!"

ರಿಸ್ಸಾ ನಡುಗುವ ದನಿಯಲ್ಲಿ ಓದಿದಳು. "ನಾನಾಯ್ ಫೆಲಿಸಾ, ನಿಮ್ಮ ಮುಖ ನೋಡದೆ ನಲವತ್ತು ದಿನ ಆಯ್ತು! ನಮ್ಮನ್ನ ಮರೆತೇಬಿಟ್ರಾ? ನಿಮ್ಮ ಬ್ರೆಡ್ಡು ಬಿಸಿಬಿಸಿಯಾಗಿ ಕಾಯ್ತಾ ಇದೆ... ಬೇಗ ಬನ್ನಿ!"

"ನಾನಾಯ್ ಫೆಲಿಸಾ ಅಂದ್ರೆ ನಮ್ಮಮ್ಮ." ಅವನ ದನಿ ಒಡೆಯಿತು. "ನಿನ್ನೆ ಅವಳು ಹೋಗಿ ನಲವತ್ತನೇ ದಿನ. ಮನೆ ತುಂಬ ನೆಂಟರು. ಫೋಟೋ ಪಕ್ಕದಲ್ಲಿ ಅವಳ ಫೋನ್ ಇಟ್ಟಿದ್ವಿ. ಜಪಮಾಲೆ ಹಿಡಿದು ಪ್ರಾರ್ಥನೆ ಮಾಡ್ತಿರುವಾಗ ಇದು ಟಿಣ್ ಅಂತು!"

ಅವನು ರಿಸ್ಸಾಳ ಕೈಯಿಂದ ಫೋನು ಕಿತ್ತುಕೊಂಡ.

"ಆತ್ಮ ಭೂಮಿ ಬಿಟ್ಟು ಹೋಗೋ ದಿನ ಅದು. ನಮ್ಮಪ್ಪ ಇದನ್ನ ಓದಿ, ಹೋಗೋ ಮುಂಚೆ ಫೆಲಿಸಾ ಒಂದ್ಸಲ ಬೇಕರಿಗೆ ಬಂದಿರ್ತಾಳೆ ಅಂತ ಯಾರಿಗೂ ಹೇಳ್ದೆ ಹೊರಟುಬಿಟ್ರು. ಪ್ಲಾಜಾ ಹತ್ರ ರಸ್ತೆ ದಾಟೋವಾಗ ಬಿದ್ದು ಕೈ ಮುರ್ಕೊಂಡ್ರು. ಈಗ ಹೇಳಿ, ಯಾರು ಬರೆದದ್ದು?"

ಕಿಟಕಿಯ ಪಕ್ಕದ ಮೇಜಿನಲ್ಲಿ, ಅವನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ, ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ ಜೊವೆಲಿನ್ ಪಾಲ್ಮಾರೆಸ್ ಕೀಲಿಮಣೆಯಿಂದ ಕೈ ತೆಗೆದಳು.

'ನಾನು... ನಾನೇ ಬರೆದದ್ದು!'

ಹೌದು. ಇಲೋಇಲೋ ನಗರದ ಏಳು ದಾಪ್‌ದಾಪ್ ಅಂಗಡಿಗಳಿಗೂ ಗ್ರಾಹಕರ ಪಾಸ್ ವಿನ್ಯಾಸ ಮಾಡಿದವಳು ಅವಳೇ. ಫೋನಿನ ವಾಲೆಟ್‌ನಲ್ಲಿ ಇರುವ ಪುಟ್ಟ ಕಾರ್ಡು ಅದು. ಹದವಾಗಿ ಬೆಂದ ಬ್ರೆಡ್ಡಿನ ಬಣ್ಣ ಸಿಗಲೆಂದೇ ಅವಳು ಹದಿನಾಲ್ಕು ಬಗೆಯ ಕಂದು ಛಾಯೆಗಳನ್ನು ಹಾಕಿ ತೆಗೆದಿದ್ದಳು. ಒಂದು ಸಲ ಬಂದರೆ ಒಂದು ಬ್ರೆಡ್ಡಿನ ಮುದ್ರೆ, ಹತ್ತಾದರೆ ಒಂದು ಡಬ್ಬಿ ಗರಿಗರಿ ಬಿಸ್ಕೋಚೊ ಬ್ರೆಡ್ಡು ಉಚಿತ. ಬಾರದ ಗಿರಾಕಿಗೆ ಎರಡು ತಿಂಗಳಾದ ಮೇಲೆ ನೆನಪಿಸೋಣ ಎಂದಿದ್ದರು ಯಜಮಾನಿ. "ಅಷ್ಟರಲ್ಲಿ ಮರೆತೇಹೋಗ್ತಾರೆ. ನಲವತ್ತು ದಿನ ಸಾಕು. ಮನೆಯವರು ಕರೆದ ಹಾಗಿರ್ಬೇಕು, ಹೆಸರು ಹಿಡಿದು ಕರೆಯೋಣ," ಎಂದವಳು ಜೊವೆಲಿನ್.

ಫೆಲಿಸಾಳ ನೆನಪೂ ಅವಳಿಗಿತ್ತು! ಪಾಸ್ ಶುರುವಾದ ದಿನ ಆ ಮುದುಕಿಯ ಫೋನಿಗೆ ಅದನ್ನು ಹಾಕಿಕೊಟ್ಟವಳು ಇವಳೇ. "ಹೆಸರು ಬರೀ ಫೆಲಿಸಾ ಅಂತ ಬೇಡ ಇಂದಾಯ್, ಮಗಳೇ. ನಾನಾಯ್ ಅಂತ ಸೇರ್ಸು. ಅಮ್ಮ ಅಂತ ಕರೆಸ್ಕೊಂಡು ಅಭ್ಯಾಸ ಆಗ್ಬಿಟ್ಟಿದೆ," ಎಂದು ಬೊಚ್ಚುಬಾಯಲ್ಲಿ ನಕ್ಕಿದ್ದಳು.

'ಎದ್ದು ನಿಲ್ಲು ಜೊವೆಲಿನ್... ಹೇಳು...'

ಅವಳು ಲ್ಯಾಪ್‌ಟಾಪಿನ ಹಿಂದೆ ಮುಖ ತಗ್ಗಿಸಿದಳು.

ಅಷ್ಟರಲ್ಲಿ ಯಜಮಾನಿ ಮನಾಂಗ್ ಚೀತಾ ಒಳಗಿನಿಂದ ಓಡಿಬಂದರು. ಮನಾಂಗ್ ಎಂದರೆ ಅಕ್ಕ. ಊರಿಗೆಲ್ಲ ಅಕ್ಕನೇ ಆಗಿದ್ದ ಅವರಿಗೆ ಮೂಗಿನ ತುದಿಯಲ್ಲೇ ಕೋಪ. ದಿನದಿನದ ಸಂದೇಶಗಳನ್ನು ಕಂಪ್ಯೂಟರಿನಲ್ಲಿ ಹಾಕುವವಳು ರಿಸ್ಸಾ. ಅವರಿಗೆ ಅಷ್ಟೇ ಸಾಕಾಯಿತು.

"ರಿಸ್ಸಾ! ಸತ್ತೋರಿಗೆಲ್ಲ ಬಾ ಅಂತ ಕಳಿಸ್ತೀಯಾ? ತಲೆ ಮನೇಲಿಟ್ಟು ಬರ್ತೀಯಾ? ಏಪ್ರನ್ ಬಿಚ್ಚಿಡು. ನಾಳೆಯಿಂದ ಬರ್ಬೇಡ!"

"ಮನಾಂಗ್, ನಾನಲ್ಲ... ಅದು ತಾನಾಗೇ..."

ರಿಸ್ಸಾಳ ಕಣ್ಣು ಒಂದು ಕ್ಷಣ ಕಿಟಕಿಯ ಕಡೆ ಹೊರಳಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಜೊವೆಲಿನ್ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಇಳಿಸಿದಳು.

ರಿಸ್ಸಾ ಕಣ್ಣೊರೆಸಿಕೊಂಡು, ಏಪ್ರನ್ ಮಡಿಸಿಟ್ಟು ಹೊರಟುಹೋದಳು.

* * *

ಮೂರನೆಯ ದಿನ ಆ ಯುವಕ ಮತ್ತೆ ಬಂದ. ತಲೆ ಬಾಚಿದ್ದ, ಅಂಗಿ ಬದಲಿಸಿದ್ದ. ಕೌಂಟರಿನಲ್ಲಿ ಹೊಸ ಮುಖ ಕಂಡು ಸೀದಾ ಜೊವೆಲಿನ್ ಬಳಿ ಬಂದ.

"ಅವತ್ತು ಇಲ್ಲಿದ್ದ ಹುಡುಗಿ ಎಲ್ಲಿ? ಅಷ್ಟು ಕೂಗಬಾರದಿತ್ತು. ಕ್ಷಮೆ ಕೇಳೋಣ ಅಂತ ಬಂದೆ."

"ಅವಳು... ಕೆಲಸ ಬಿಟ್ಳು."

"ಬಿಟ್ಳಾ? ಬಿಡಿಸಿದ್ರಾ?"

ಜೊವೆಲಿನ್ ತಲೆ ತಗ್ಗಿಸಿದಳು. ಅವನು ಧೊಪ್ಪನೆ ಎದುರಿನ ಕುರ್ಚಿಯಲ್ಲಿ ಕುಳಿತ.

"ನನ್ನಿಂದ ಒಬ್ಬರ ಕೆಲಸ ಹೋಯ್ತು! ಅಯ್ಯೋ ದೇವರೇ..."

'ನಿನ್ನಿಂದಲ್ಲ... ನನ್ನಿಂದ!' ಮಾತು ತುಟಿಯವರೆಗೂ ಬಂದಿತು. ಬಂದು ಹಿಂದಿರುಗಿತು.

ಅವನ ಹೆಸರು ಎಡ್ಸೆಲ್ ಗಲ್ವಾನ್. ಗಿಮಾರಾಸ್ ದ್ವೀಪಕ್ಕೆ ಹೋಗಿಬರುವ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಅವನಿಗೆ ಇನ್ನೊಂದು ಸಹಾಯ ಬೇಕಿತ್ತು.

"ನಿಮಗೆ ಫೋನ್ ಕೆಲಸ ಗೊತ್ತಿರೋ ಹಾಗಿದೆ. ಈ ಕಾರ್ಡ್ ಅಳಿಸೋಕೆ ಅಪ್ಪ ಬಿಡ್ತಿಲ್ಲ. ಅದರಲ್ಲಿ ಅಮ್ಮ ಬಂದ ಒಂಬತ್ತು ದಿನ ಇದೆಯಂತೆ. ಕಾರ್ಡ್ ಇರ್ಬೇಕು, ಬಾಯಿ ಮಾತ್ರ ಮುಚ್ಬೇಕು. ಆಗುತ್ತಾ?"

"ಆಗುತ್ತೆ," ಎಂದಳು. ಕಣ್ಣೀರು ಬಂದುಬಿಡುತ್ತದೆ ಎಂಬ ಭಯಕ್ಕೆ ಬೇಗ ಎದ್ದಳು. "ನಡೀರಿ, ಮನೆಗೇ ಬಂದು ಮಾಡ್ಕೊಡ್ತೀನಿ."

ಅದು ಎರಡು ನಿಮಿಷದ ಕೆಲಸ. ಆದರೆ ತಾತಾಯ್ ಬೆರ್ತಿಂಗ್, ಅಂದರೆ ಎಡ್ಸೆಲ್‌ನ ತಂದೆ, ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವಳನ್ನು ಎರಡು ಗಂಟೆ ಏಳಗೊಡಲಿಲ್ಲ.

"ನೋಡಮ್ಮ, ಇದು ಮೊದಲನೇ ಬ್ರೆಡ್ಡು, ಜೂನ್ ಏಳು. ಅವತ್ತು ನಂಗೆ ಜ್ವರ. ಇದು ಐದನೇದು. ಅವತ್ತು ಜಗಳ ಆಡಿ ನಂಗೆ ಕೊಡ್ದೇ ಒಬ್ಳೇ ತಿಂದ್ಳು!" ಮುದುಕ ಕಿಲಕಿಲ ನಕ್ಕ. "ಯಾರು ಮಾಡಿದಾರೋ ಈ ಕಾರ್ಡು... ಅಕ್ಷರ ದೊಡ್ಡದಾಗಿ, ಕಪ್ಪಗೆ ಇದೆ. ಕನ್ನಡಕ ಇಲ್ದೇ ಓದ್ಬೋದು ಅಂತ ಅವಳು ಹಾಡಿ ಹೊಗಳ್ತಿದ್ಲು. ಅವರಿಗೆ ಒಳ್ಳೇದಾಗ್ಲಿ."

ಆ ಆಶೀರ್ವಾದ ಚಾವಟಿಯ ಏಟಿನ ಹಾಗೆ ಬಿದ್ದಿತು.

"ನಾಳೆ ಬರ್ತೀಯಾ ಇಂದಾಯ್?" ಎಂದ ಮುದುಕ.

ನಾಳೆ ಬಂದಳು. ಮರುವಾರ ಬಂದಳು. ಮುದುಕನ ಕೈಗೆ ವ್ಯಾಯಾಮ ಮಾಡಿಸಿದಳು, ಎಡ್ಸೆಲ್ ಬಡಿಸಿದ್ದನ್ನು ಉಂಡಳು. ಅವನು ಜೀಪ್ನಿ ನಿಲ್ದಾಣದವರೆಗೆ ಜೊತೆಗೆ ಬರತೊಡಗಿದ. ನಿಲ್ದಾಣ ಹತ್ತಿರವಾಯಿತೆಂದು ದೂರದ ದಾರಿ ಹಿಡಿಯತೊಡಗಿದ. 'ನೀವು' ಹೋಗಿ 'ನೀನು' ಬಂದಿತು. ಒಂದು ದಿನ ಅವಳ ಮೂಗಿಗೆ ಎಣ್ಣೆಯ ಬೆರಳು ತಾಗಿಸಿ, "ಈಗ ನಮ್ಮ ವರ್ಕ್‌ಶಾಪಿನವಳಾದೆ," ಎಂದು ನಕ್ಕ.

ಅವನು ನಕ್ಕಾಗಲೆಲ್ಲ ಇವಳ ಎದೆಯಲ್ಲಿ ಎರಡು ಬಡಿತ. ಒಂದು ಪ್ರೀತಿಯದು... ಇನ್ನೊಂದು ಕಳ್ಳಿಯದು!

'ಇವತ್ತು ಹೇಳ್ತೀನಿ.' ಐದು ವಾರ ಹೀಗೆಯೇ ಅಂದುಕೊಂಡಳು.

* * *

ಅಂದು ಮಧ್ಯಾಹ್ನ ಎಡ್ಸೆಲ್ ಅವಳನ್ನು ದೋಣಿಕಟ್ಟೆಗೆ ಕರೆಸಿದ. ಮುಖದಲ್ಲಿ ಹಬ್ಬದ ಕಳೆ.

"ಎರಡು ವಿಷಯ ಇದೆ. ಒಂದು, ರಿಸ್ಸಾ ಸಿಕ್ಳು! ಲಾಪಾಸ್ ಮಾರ್ಕೆಟ್‌ನಲ್ಲಿ ಒಂದು ಬಾಚೊಯ್ ಸೂಪಿನ ಅಂಗಡೀಲಿ ಬಟ್ಟಲು ತೊಳೀತಿದಾಳಂತೆ. ಬಾ, ಇಬ್ರೂ ಹೋಗೋಣ. ನಾನು ಕಾಲು ಹಿಡಿದಾದ್ರೂ ಕ್ಷಮೆ ಕೇಳ್ತೀನಿ."

"ಎರಡನೇದು?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಎರಡನೇದು..." ಅವನು ಕಿವಿಯ ಹಿಂದೆ ಕೆರೆದುಕೊಂಡ. "ಜೊವೆಲಿನ್, ಅಮ್ಮ ಹೋದ ಮೇಲೆ ಆ ಮನೇಲಿ ನಗು ಬಂದದ್ದು ನಿನ್ನಿಂದ. ನಾನು ನಿನ್ನ..."

"ಬೇಡ! ಹೇಳ್ಬೇಡ!"

ಅವನು ಬೆಚ್ಚಿದ.

"ಆ ಸಂದೇಶ ಬರೆದದ್ದು ನಾನು ಎಡ್ಸೆಲ್. ನಲವತ್ತು ದಿನ ಅಂತ ಇಟ್ಟದ್ದೂ ನಾನೇ. ಅವತ್ತು ನೀನು ಕೂಗ್ತಿರುವಾಗ ನಾನು ಅಲ್ಲೇ ಕೂತಿದ್ದೆ. ರಿಸ್ಸಾಳ ಕೆಲಸ ಹೋಗೋದನ್ನ ಕಣ್ಣಾರೆ ನೋಡ್ಕೊಂಡು... ಬಾಯಿ ಮುಚ್ಕೊಂಡು ಕೂತಿದ್ದೆ. ಅಷ್ಟು ದೊಡ್ಡ ಕೆಲಸ ಅದೇ ಮೊದಲು ಸಿಕ್ಕಿದ್ದು. ಹೋಗ್ಬಿಡುತ್ತೆ ಅಂತ ಭಯ."

ದೋಣಿಯೊಂದು ಶಿಳ್ಳೆ ಹಾಕಿ ಹೊರಟಿತು. ಎಡ್ಸೆಲ್ ಅವಳಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಅಪ್ಪ ಆ ಕಾರ್ಡ್ ಮಾಡಿದೋರನ್ನ ಹರಸಿದ್ರು... ಆಗ್ಲೂ ನೀನು ಸುಮ್ನಿದ್ದೆ."

"ಹೂಂ."

"ಅಂದ್ರೆ ಇಷ್ಟು ದಿನ ನೀನು ಬಂದದ್ದು ನಮಗೋಸ್ಕರ ಅಲ್ಲ. ನಿನ್ನ ಪಾಪ ತೊಳ್ಕೊಳ್ಳೋಕೆ."

"ಮೊದಲ ದಿನ ಹೌದು. ಆಮೇಲೆ..."

"ಆಮೇಲೆ ಏನು? ಯಾವ ದಿನದಿಂದ ನಿಜ? ಹೇಳು, ನಾನು ಯಾವ ದಿನದಿಂದ ನಂಬ್ಲಿ?"

ಅವನು ತಿರುಗಿ ನೋಡದೆ ಹೊರಟುಹೋದ.

* * *

ಅತ್ತು ಮುಗಿಸುವಷ್ಟು ಹೊತ್ತು ಜೊವೆಲಿನ್ ತನಗೆ ಕೊಟ್ಟುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆಯೇ ಮನಾಂಗ್ ಚೀತಾರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು.

ಯಜಮಾನಿ ಕೂಗಾಡಲಿಲ್ಲ. ಅದೇ ಹೆಚ್ಚು ನೋಯಿಸಿತು.

"ನಲವತ್ತು ದಿನಕ್ಕೆ ನಾನೂ ಹೂಂ ಅಂದಿದ್ದೆ. ಅದು ತಪ್ಪು, ಆದ್ರೆ ಬೇಕಂತ ಮಾಡಿದ್ದಲ್ಲ. ಆದ್ರೆ ಆ ಹುಡುಗಿ ಅಳ್ತಾ ಹೋಗೋವಾಗ ನಿನ್ನ ನಾಲಿಗೆ ಎಲ್ಲಿತ್ತೇ?"

"ಅದಕ್ಕೆ ನನ್ನ ಹತ್ರ ಕಾರಣ ಇಲ್ಲ ಮನಾಂಗ್. ರಿಸ್ಸಾನ ವಾಪಸ್ ಕರೀರಿ. ನಾನು ಹೋಗ್ತೀನಿ. ಹೋಗೋ ಮುಂಚೆ ಒಂದು ಕೆಲಸ ಮುಗಿಸ್ತೀನಿ."

ಮೂರು ದಿನ ಕುಳಿತು ಪಾಸನ್ನು ಬದಲಿಸಿದಳು. ಹೆಸರು ಹಿಡಿದು ಕರೆಯುವ ಸಂದೇಶ ತೆಗೆದಳು. ಕಾರ್ಡಿನ ಹಿಂಬದಿಯಲ್ಲಿ ಒಂದು ಸಾಲು ಸೇರಿಸಿದಳು: 'ಈ ಕಾರ್ಡಿನವರು ಈಗ ನಮ್ಮೊಂದಿಗಿಲ್ಲವೆ? ಇಲ್ಲಿ ತಿಳಿಸಿ. ಇನ್ನು ತೊಂದರೆ ಕೊಡುವುದಿಲ್ಲ. ಕಾರ್ಡು ನಿಮ್ಮ ಬಳಿಯೇ ಇರಲಿ.' ಆ ಸಾಲನ್ನು ಒಂಬತ್ತು ಸಲ ತಿದ್ದಿದಳು.

ಆಮೇಲೆ ಲಾಪಾಸ್ ಮಾರ್ಕೆಟ್ಟಿಗೆ ಹೋದಳು. ರಿಸ್ಸಾ ಸೋಪಿನ ನೊರೆಯಲ್ಲಿ ಮೊಣಕೈವರೆಗೂ ಮುಳುಗಿದ್ದಳು.

"ರಿಸ್ಸಾ, ಅವತ್ತು..."

"ನಂಗೆ ಅವತ್ತೇ ಗೊತ್ತಿತ್ತು."

"ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ." ರಿಸ್ಸಾ ಬಟ್ಟಲು ಕೆಳಗಿಟ್ಟಳು. "ಮೊದಲ ವಾರ ದಿನಾ ಕಾದೆ. ಆಮೇಲೆ ಬಟ್ಟಲು ಜಾಸ್ತಿ ಆಯ್ತು, ಕಾಯೋಕೆ ಪುರುಸೊತ್ತು ಇರ್ಲಿಲ್ಲ."

ಜೊವೆಲಿನ್ ಅಲ್ಲೇ, ಒದ್ದೆ ನೆಲದ ಮೇಲೆ ಕುಸಿದು ಕುಳಿತು ಬಿಕ್ಕಿದಳು.

"ಏಳಿ, ಏಳಿ! ನೆಲ ಜಿಡ್ಡಿದೆ. ಇಷ್ಟು ಬೇಗ ಕ್ಷಮಿಸೋಕೆ ನನ್ ಕೈಲಿ ಆಗಲ್ಲ. ಆದ್ರೆ ಬಂದ್ರಲ್ಲ... ಆ ಬಟ್ಟೆ ತಗೊಂಡು ಬಟ್ಟಲು ಒರೆಸಿ, ಬೇಗ ಮುಗಿಯುತ್ತೆ."

ಆ ಮಧ್ಯಾಹ್ನ ಇಬ್ಬರೂ ನೂರಾರು ಬಟ್ಟಲು ಒರೆಸಿದರು.

* * *

ಮುಂದಿನ ಭಾನುವಾರ, ಪೂಜೆ ಮುಗಿದು ಮೋಲೊ ಚರ್ಚಿನಿಂದ ಜನ ಹೊರಬರುತ್ತಿದ್ದರು. ಎದುರಿನ ಪ್ಲಾಜಾದ ಕಲ್ಲುಬೆಂಚಿನ ಮೇಲೆ ಎಡ್ಸೆಲ್ ಕುಳಿತಿದ್ದ. ಜೊವೆಲಿನ್‌ಳನ್ನು ಕಂಡೊಡನೆ ಎದ್ದು ನಿಂತ.

"ರಿಸ್ಸಾನ ನೋಡ್ಕೊಂಡು ಬಂದೆ. ಮತ್ತೆ ಕೌಂಟರಿಗೆ ಬಂದಿದಾಳೆ," ಎಂದ. "ನಿನ್ನ ಹೆಸರು ಎತ್ತಿದ್ದಕ್ಕೆ, 'ಕ್ಷಮೆ ಕೇಳೋಕೆ ಬಂದು ಅಂಗಡಿ ಬಟ್ಟಲೆಲ್ಲ ಒರೆಸಿಟ್ಟು ಹೋದ್ಲು, ಹುಚ್ಚಿ' ಅಂದ್ಳು."

ಜೊವೆಲಿನ್ ನೆಲ ನೋಡುತ್ತಿದ್ದಳು. "ಅಪ್ಪ ಹೇಗಿದಾರೆ?"

"ನನ್ನ ಬೈತಿದಾರೆ. ಎಲ್ಲ ಹೇಳಿದೆ. 'ಬಿದ್ದದ್ದು ನನ್ನ ಕಾಲು, ಮುರಿದದ್ದು ನನ್ನ ಕೈ, ಕೋಪ ಮಾಡ್ಕೊಳ್ಳೋಕೆ ನೀನ್ಯಾರೋ?' ಅಂದ್ರು."

ಅವಳಿಗೆ ಅಳುವಿನ ನಡುವೆಯೇ ನಗು ಬಂದಿತು. ಅವನು ಮಾತ್ರ ನಗಲಿಲ್ಲ.

"ಜೊವೆಲಿನ್, ನಾನೂ ಒಂದು ಬಚ್ಚಿಟ್ಟಿದೀನಿ. ಯಾರಿಗೂ ಹೇಳಿಲ್ಲ... ಅಪ್ಪನಿಗೂ."

ಅವನು ಅಂಗೈಯ ಎಣ್ಣೆಯ ಕಲೆಯನ್ನು ಉಜ್ಜಿದ.

"ಆ ಕೊನೇ ದಿನ ಅಮ್ಮ ಕೇಳಿದ್ಲು. 'ಬೈಕ್‌ನಲ್ಲಿ ಬೇಕರಿಗೆ ಬಿಡೋ ಮಗಾ, ಬಿಸಿಲು ಜಾಸ್ತಿ ಇದೆ' ಅಂತ. 'ಎಂಜಿನ್ ಬಿಚ್ಚಿಟ್ಟಿದೀನಿ, ನಾಳೆ ಹೋಗೋಣ' ಅಂದೆ. ತಲೆ ಎತ್ತಿ ಅವಳ ಮುಖಾನೂ ನೋಡ್ಲಿಲ್ಲ. ನಡ್ಕೊಂಡೇ ಹೋಗಿ ಬಂದ್ಲು. ಸಂಜೆ ಕುಸಿದುಬಿದ್ಲು."

"ಎಡ್ಸೆಲ್..."

"ಅವತ್ತು ಬೇಕರಿಗೆ ನುಗ್ಗಿ ಕೂಗಿದ್ದು ಸಂದೇಶಕ್ಕಲ್ಲ. ನನ್ನ ಬಿಟ್ಟು ಬೇರೆ ಯಾರಾದ್ರೂ ತಪ್ಪಿತಸ್ಥರು ಸಿಗ್ಲಿ ಅಂತ! ನೀನು ಬಾಯಿ ಮುಚ್ಕೊಂಡೆ, ನಾನು ಬಾಯಿ ಬಿಟ್ಟೆ. ಇಬ್ರೂ ಬಚ್ಚಿಟ್ಟದ್ದು ಒಂದೇ ಅಲ್ವಾ?"

ಜೊವೆಲಿನ್ ಮೊದಲ ಸಲ ತಲೆಯೆತ್ತಿ ಅವನ ಕಣ್ಣುಗಳನ್ನು ನೇರವಾಗಿ ನೋಡಿದಳು. ಅವನ ಬಿರುಸು ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಅಪ್ಪನಿಗೆ ಹೇಳು. ನಾನು ಪಕ್ಕದಲ್ಲೇ ಇರ್ತೀನಿ."

"ಇರ್ತೀಯಾ?"

"ನೀನು ಕೇಳಿದ್ಯಲ್ಲ, ಯಾವ ದಿನದಿಂದ ನಿಜ ಅಂತ... ನಂಗೆ ಆ ದಿನ ಯಾವುದು ಅಂತ ಗೊತ್ತಿಲ್ಲ ಎಡ್ಸೆಲ್. ನಿಮ್ಮನೆಗೆ ಬರೋಕೆ ಹೆದರಿಕೆ ಆಗ್ತಿತ್ತು. ಒಂದು ದಿನ ನೋಡಿದ್ರೆ, ಬರದೇ ಇರೋಕೆ ಹೆದರಿಕೆ ಆಗ್ತಿತ್ತು. ಅಷ್ಟೇ ಗೊತ್ತು. ನಿನ್ನ ಪ್ರೀತಿಸ್ತೀನಿ."

ಅವನು ಅವಳ ಕೈಗಳಿಗೆ ತನ್ನ ಹಣೆಯನ್ನು ಒತ್ತಿ ಬಹಳ ಹೊತ್ತು ಹಾಗೆಯೇ ನಿಂತ. ತಲೆಯೆತ್ತಿದಾಗ ಅವನ ಕಣ್ಣುಗಳು ಒದ್ದೆಯಾಗಿದ್ದವು.

"ಇನ್ಮೇಲೆ ನಾವಿಬ್ರೂ ಒಬ್ರಿಗೊಬ್ರು ಏನೂ ಮುಚ್ಚಿಡಬಾರದು. ಆಯ್ತಾ?"

"ಆಯ್ತು..." ಅವಳು ಕ್ಷಣ ತಡೆದಳು. "ಹಾಗಾದ್ರೆ ಇನ್ನೊಂದು ಹೇಳ್ಬೇಕು."

"ಇನ್ನೂ ಇದ್ಯಾ?!"

"ನಿಮ್ಮನೆ ಮೀನಿನ ಸಾರು ನಂಗೆ ಚೂರೂ ಸೇರಲ್ಲ. ಎಂಟು ಸಲ ಕಣ್ಮುಚ್ಕೊಂಡು ನುಂಗಿದೀನಿ."

ಎಡ್ಸೆಲ್ ಬಾಯಿ ತೆರೆದುಕೊಂಡೇ ನಿಂತ. "ಅದನ್ನ ಮಾಡೋದು ನಾನೇ ಕಣೇ!"

"ಗೊತ್ತು," ಎಂದಳು ಜೊವೆಲಿನ್. "ಅದಕ್ಕೇ ನುಂಗಿದ್ದು."