ಎರಡನೆಯ ಗೂಟ

ಎಲೆಕ್ಟ್ರಿಕ್ ಗಾಡಿಗಳ ಚಾರ್ಜರ್ ಕೂರಿಸಲು ಜಾಗ ನೋಡಿ ವರದಿ ಕೊಡುವುದು ನನ್ನ ಕೆಲಸ. ಮಾರ್ಚಿನ ಒಂದು ಮಧ್ಯಾಹ್ನ, ನಾನೂ ಸಹಾಯಕ ವೇಣುವೂ ತರೀಕೆರೆಯ ಜಾಗ ಮುಗಿಸಿ ಅಜ್ಜಂಪುರದ ಖಾಲಿ ಸೈಟಿಗೆ ಬಂದೆವು. ಅರ್ಥಿಂಗ್, ಅಂದರೆ ನೆಲ ಕರೆಂಟನ್ನು ಎಷ್ಟು ಎಳೆದುಕೊಳ್ಳುತ್ತದೆಂದು ಅಳೆಯಲು, ನಮ್ಮ ನಂಬರು ಕೊರೆದ ಮೊಳದುದ್ದದ ಎರಡು ಕಬ್ಬಿಣದ ಗೂಟ ಹೊಡೆಯಬೇಕು.

ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಹುಲಿಯಮ್ಮ, “ನೆಲಕ್ಕೆ ಒಂದು ಚೊಂಬು ನೀರು ಬಿಟ್ಟು ಹೊಡೀರಪ್ಪ” ಎಂದರು.

“ನೀರು ಬಿಟ್ರೆ ರೀಡಿಂಗ್ ಸುಳ್ಳಾಗುತ್ತೆ ಕಣಮ್ಮ” ಎಂದೆ, ದೊಡ್ಡ ಜಾಣನ ಹಾಗೆ.

ಮೊದಲನೆಯ ಗೂಟ ಸುಲಭವಾಗಿ ಇಳಿಯಿತು. ಎರಡನೆಯದಕ್ಕೆ ಮೂರು ಪೆಟ್ಟು ಕೊಟ್ಟು ಬೆವರು ಒರೆಸಿಕೊಂಡೆ. ಆಗ ನೆಲದೊಳಗಿಂದ ಮೂರು ಪೆಟ್ಟು ಕೇಳಿಸಿತು. ಮುಟ್ಟಿದರೆ, ಅಷ್ಟು ಬಿಸಿಲಿನಲ್ಲೂ ಗೂಟ ಕೈ ಕೊರೆಯುವಷ್ಟು ತಣ್ಣಗಿತ್ತು.

“ಸಾರ್, ನೀವಾ ಹೊಡ್ದಿದ್ದು?” ಎಂದ, ದೂರದಲ್ಲಿ ಮೀಟರ್ ಹಿಡಿದಿದ್ದ ವೇಣು.

ಬಾಯಿ ತೆರೆಯುವಷ್ಟರಲ್ಲಿ ಗೂಟ ನನ್ನ ಬೆರಳುಗಳ ನಡುವಿನಿಂದ ಜಾರಿ ನೆಲದೊಳಗೆ ಹೋಯಿತು. ಕೆದಕಿದೆವು, ಸಿಗಲಿಲ್ಲ.

ಆ ಜಾಗ ಬೇಡವೆಂದೇ ವರದಿ ಬರೆದೆ. ಮೇಲಿನವರು ಕಾರಣ ಕೇಳಿದರು, ನೆಲ ಸರಿಯಿಲ್ಲ ಎಂದಷ್ಟೇ ಬರೆದು ಕಳಿಸಿದೆ. ಅವರು ಒಪ್ಪಲಿಲ್ಲ. ಕೆಲಸ ಶುರುವಾಯಿತು.

ಮೊನ್ನೆ ಅಲ್ಲಿ ಗುಂಡಿ ತೋಡಿಸುತ್ತಿರುವ ಗುರುಮೂರ್ತಿ ಫೋನ್ ಮಾಡಿದ್ದರು. “ಎಂಟಡಿ ಕೆಳಗೆ ನಿಮ್ಮ ನಂಬರಿನ ಗೂಟ ಸಿಕ್ತು ಕಣ್ರೀ. ಅಲ್ರೀ, ಮೊನೆ ಮೇಲೆ ಮಾಡಿ ಯಾಕ್ರೀ ಹೊಡ್ದಿದ್ದೀರಿ?”