ಅಜ್ಜಿಯ ಪುಟದ ಅಡಿಗೆರೆಗಳು

ಅಜ್ಜಿ ಮೊಬೈಲಿನಲ್ಲಿ ‘ಕೌದಿ’ ಎಂಬ ಪದದ ಮೇಲೆ ಬೆರಳಿಟ್ಟು ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಊಹೂಂ.

“ನನ್ನ ಬೆರಳ ಹಸಿ ಆಗ್ಯಾವ ಕಾಣಸ್ತದ,” ಎನ್ನುತ್ತ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

ಎದುರಿಗೆ ಕೂತಿದ್ದ ಸಿಂಧುವಿಗೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಾತಾಡುವಂತಿರಲಿಲ್ಲ. ಅದು ಕಂಪ್ಯೂಟರ್ ಕಲಿಸುವ ರಾಜೀವ ಸರ್ ಹಾಕಿದ ನಿಯಮ. ಮನೆಯ ಒಬ್ಬರಿಗಾಗಿ, ಅವರು ಓದುವ ಭಾಷೆಯಲ್ಲೇ ಒಂದು ವೆಬ್ ಪೇಜ್ ಮಾಡಬೇಕು. ಅದನ್ನು ಅವರ ಕೈಗೆ ಕೊಟ್ಟು, ತಾನು ಬಾಯಿ ಮುಚ್ಚಿಕೊಂಡು ನೋಡಬೇಕು. ಹೇಳಿಕೊಡುವ ಹಾಗಿಲ್ಲ, ತೋರಿಸುವ ಹಾಗೂ ಇಲ್ಲ. ನಾಳೆ ಕ್ಲಾಸಿನಲ್ಲಿ ಎಲ್ಲರ ಪೇಜುಗಳನ್ನೂ ದೊಡ್ಡ ಪರದೆಯ ಮೇಲೆ ಹಾಕುತ್ತಾರೆ.

ಧಾರವಾಡದಿಂದ ಮರಾಠಿ ಮಾತಾಡುವ ಊರಾದ ನಿಗಡಿಗೆ ಬಂದ ಮೇಲೂ ಅಜ್ಜಿ ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವುದನ್ನು ಬಿಟ್ಟಿರಲಿಲ್ಲ. ಆ ಹೊದಿಕೆಗಳ ಫೋಟೊ ತೆಗೆದು, ಅಜ್ಜಿ ಹೇಳಿದ್ದನ್ನೆಲ್ಲ ಟೈಪ್ ಮಾಡಿ ಸಿಂಧು ಪೇಜ್ ಕಟ್ಟಿದ್ದಳು. ಅಕ್ಷರಗಳಿಗೆ ಗುಲಾಬಿ ಬಣ್ಣ. ಶಾಲೆಯ ನೋಟ್‌ಬುಕ್ಕಿನಲ್ಲಿ ಮುಖ್ಯ ಪದಗಳ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆಯದಿದ್ದರೆ ಟೀಚರ್ ಬಾಯಿಯವರು ಮಾರ್ಕ್ಸ್ ಕತ್ತರಿಸುತ್ತಾರೆ. ಅದೇ ರೂಢಿಯಲ್ಲಿ ಇಲ್ಲಿಯೂ ಕೌದಿ, ಸೂಜಿ, ದಾರ ಎಲ್ಲದರ ಕೆಳಗೂ ಗೆರೆ ಬಿದ್ದಿತ್ತು.

ಒತ್ತಿದರೆ ತೆರೆಯುವ ನಿಜವಾದ ಲಿಂಕುಗಳಿಗೆ ಮಾತ್ರ ಗೆರೆ ಇರಲಿಲ್ಲ. ತಿಳಿ ಹಳದಿ ಬಣ್ಣದಲ್ಲಿ, ಮೂರು ಕಡೆ, ‘ಇಲ್ಲಿ ಒತ್ತಿ’ ಎಂದಷ್ಟೇ ಇತ್ತು.

ಅಜ್ಜಿ ಸೂಜಿಯನ್ನು ಒತ್ತಿದರು. ದಾರವನ್ನು ಒತ್ತಿದರು. ಕನ್ನಡಕ ಮೇಲೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ತಂದುಕೊಂಡ ಮೇಲೆ ಹಳದಿ ಅಕ್ಷರ ಕಣ್ಣಿಗೆ ಬಿತ್ತು.

“ಇಲ್ಲಿ ಒತ್ತಿ, ಇಲ್ಲಿ ಒತ್ತಿ... ಮೂರೂ ಕಡೆ ಅದನ್ನ ಬರದೀದಿ. ಒತ್ತಿದ್ರ ಏನ್ ಬರತದವಾ?”

ಸಿಂಧು ತುಟಿ ಕಚ್ಚಿಕೊಂಡಳು. ಅಜ್ಜಿ ಮೊಬೈಲನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟರು.

“ಭಾಳ ಛಂದ ಮಾಡೀದಿ. ಆದ್ರ ಇದು ನನ್ನಂಥಾಕಿಗೆ ತಿಳಿಯೂದಲ್ಲ ಬಿಡು.”

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಇನ್ನು ಅಜ್ಜಿ ಈ ಪೇಜನ್ನು ಮುಟ್ಟುವುದೇ ಇಲ್ಲ ಎಂದು ಸಿಂಧುವಿಗೆ ಅನಿಸಿತು. ನಿಯಮ ಮರೆತೇಹೋಯಿತು.

“ಅಜ್ಜಿ, ನೀ ಗೆರಿ ಇದ್ದಲ್ಲೇ ಯಾಕ ಒತ್ತಿದಿ?”

“ಮತ್ತೆಲ್ಲೆ ಒತ್ತಲಿ? ವಾಟ್ಸಾಪಿನ್ಯಾಗ ನಿಮ್ಮಪ್ಪ ಭಜನಿ ಕಳಸ್ತಾನಲ್ಲ, ಅದರ ಕೆಳಗ ನೀಲಿ ಗೆರಿ ಇರತದ. ಅಲ್ಲೇ ಒತ್ತಬೇಕು ಅಂತ ಅವನೇ ಹೇಳ್ಯಾನ.”

ಸಿಂಧು ಮೊಬೈಲನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

“ನೀ ಒತ್ತಿದ್ದು ಬರೋಬ್ಬರಿ ಇತ್ತು ಅಜ್ಜಿ. ನಾನೇ ತಪ್ಪು ಮಾಡೀನಿ.”

ಸಂಜೆಯವರೆಗೆ ಅವಳು ಅಪ್ಪನ ಲ್ಯಾಪ್‌ಟಾಪಿನ ಮುಂದಿಂದ ಏಳಲಿಲ್ಲ. ಅಡಿಗೆರೆಗಳೆಲ್ಲ ಹೋದವು. ಮುಖ್ಯ ಪದಗಳು ದಪ್ಪ ಅಕ್ಷರವಾದವು. ಗುಲಾಬಿ ಬಣ್ಣ ತೆಗೆದು ಕಪ್ಪು ಹಾಕಿದಳು. ಒಂದು ಸಲ ಗುಲಾಬಿಯನ್ನು ವಾಪಸ್ ಹಾಕಿಯೂ ನೋಡಿ, ಮತ್ತೆ ಕಪ್ಪಿಗೇ ಬಂದಳು. ‘ಇಲ್ಲಿ ಒತ್ತಿ’ ಇದ್ದ ಕಡೆ ‘ಇಳಕಲ್ ಸೀರೆಯ ಕೌದಿಗಳ ಫೋಟೊ’, ‘ಕೌದಿ ಹೊಲಿಯುವ ಬಗೆ’, ‘ಅಂಚು ಮಡಿಚುವ ಬಗೆ’ ಎಂದು ಬರೆದಳು. ಆ ಮೂರಕ್ಕೆ ಮಾತ್ರ ನೀಲಿ ಬಣ್ಣ, ಕೆಳಗೊಂದು ಗೆರೆ.

ಅಜ್ಜಿ ಮೊದಲು ಬೇಡವೆಂದರು. ಸಿಂಧು ಬಿಡಲಿಲ್ಲ. ಕೊನೆಗೆ ಅಜ್ಜಿ ಮೊದಲನೇ ನೀಲಿ ಸಾಲನ್ನು ಗಟ್ಟಿಯಾಗಿ ಓದಿ, ಒತ್ತಿದರು. ಕೌದಿಗಳು ಒಂದರ ಕೆಳಗೊಂದು ತೆರೆದುಕೊಂಡವು. ಯಾರನ್ನೂ ಕೇಳದೆ ಹಿಂದೆ ಬಂದು ಎರಡನೆಯದನ್ನೂ ಒತ್ತಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು.

ಎದುರುಮನೆಯ ಕೇತಕಿ ಕಾಕೂಗೆ ತೋರಿಸಬೇಕಂತೆ.

“ನಾನೂ ಬರಲೇನು?”

“ನೀ ಯಾಕ? ನಂಗ ಬರತದಲ್ಲ.”

ಸಿಂಧು ಬಾಗಿಲಲ್ಲೇ ನಿಂತಳು. ಎದುರುಮನೆಯಿಂದ ಅಜ್ಜಿಯ ಮಾತು ಕೇಳುತ್ತಿತ್ತು, ಅರ್ಧ ಮರಾಠಿ, ಅರ್ಧ ಕನ್ನಡ. ಯಾವ ಸೀರೆ ಯಾರದು, ಯಾವ ಅಂಚು ಎಷ್ಟು ಕಷ್ಟದಿಂದ ಕೂತಿತು, ಬರೀ ಕೌದಿಯದೇ ಮಾತು. ಪೇಜ್ ಮಾಡಿದ್ದು ಯಾರು ಎಂದು ಅಜ್ಜಿ ಹೇಳಲಿಲ್ಲ, ಕಾಕೂ ಕೇಳಲೂ ಇಲ್ಲ.

ಸಿಂಧುವಿಗೆ ಬೇಸರವಾಗಲಿಲ್ಲ. ಅಜ್ಜಿ ಮೂರನೆಯ ನೀಲಿ ಸಾಲನ್ನೂ ಒತ್ತುತ್ತಾರೋ ಇಲ್ಲವೋ ಎಂದು ಕಿವಿಗೊಟ್ಟು ನಿಂತಳು.