ಬಸ್ಸಮ್ಮನ ಬಿಳಿ ದೀಪ

ಪ್ಯಾಡಾಕಿನಲ್ಲಿ ಕುದುರೆಗಳು ಒಂದರ ಹಿಂದೆ ಒಂದು ಸುತ್ತು ಹಾಕುತ್ತಿದ್ದವು. ಓಟಕ್ಕೆ ಮೊದಲು ಅವುಗಳನ್ನು ಜನರಿಗೆ ತೋರಿಸುವ ಆ ಬೇಲಿಯೊಳಗಿನ ಹಾದಿಯಲ್ಲಿ ಈಗೀಗ ಯಾರೂ ಕುದುರೆಯ ಕಾಲನ್ನಾಗಲಿ ಮುಖವನ್ನಾಗಲಿ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಜೀನಿನ ಕೆಳಗೆ ಎದೆಯನ್ನು ಬಳಸಿ ಕಟ್ಟಿದ್ದ ಎರಡು ಬೆರಳಗಲದ ಪಟ್ಟಿಯ ಮೇಲೆ. ಪಟ್ಟಿಯ ನಡುವೆ ಹುಣಸೆಬೀಜದಷ್ಟು ದೊಡ್ಡ ದೀಪ. ಒಂದು ಕುದುರೆಯ ದೀಪ ಹಳದಿಯಾಗಿ, ನೋಡನೋಡುತ್ತಲೇ ಕೆಂಪಾಯಿತು. ಗಂಟೆ ಮೊಳಗಿತು. ಜಾಕಿ ಮರುಮಾತಿಲ್ಲದೆ ಇಳಿದ, ಕುದುರೆಯನ್ನು ಲಾಯಕ್ಕೆ ಕರೆದೊಯ್ದರು, ಗ್ಯಾಲರಿಯಲ್ಲಿ ಜನ ಚಪ್ಪಾಳೆ ತಟ್ಟಿದರು.

ಆ ಪಟ್ಟಿಯನ್ನು ಕಂಡುಹಿಡಿದ ಡಾ. ಇಂಚರಾ ಮೊದಲ ಸಾಲಿನ ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದಳು. ವರ್ಷ ವರ್ಷವೂ ಅದೇ ಶಾಲು, ಅದೇ ಹಣ್ಣಿನ ಬುಟ್ಟಿ, ಮೈಕಿನಲ್ಲಿ ಅದೇ "ಮೂಕಪ್ರಾಣಿಗೆ ಬಾಯಿ ಕೊಟ್ಟ ಮಹಾತಾಯಿ". ಮಹಾತಾಯಿಗೆ ಮನೆಗೆ ಹೋಗಿ ಕಾಲು ಚಾಚಿದರೆ ಸಾಕಾಗಿತ್ತು. ಪಟ್ಟಿಯ ಸರ್ಕಾರಿ ಹೆಸರು ವೇದನಾಮಾಪಕ. ಆ ಹೆಸರನ್ನು ಸರ್ಕಾರದವರೂ ಬಳಸುತ್ತಿರಲಿಲ್ಲ. ಲಾಯದಲ್ಲಿ ಎಲ್ಲರಿಗೂ ಅದು 'ಬಾಯಿಪಟ್ಟಿ'.

ಕುದುರೆ ನೋವು ಮುಚ್ಚಿಡುವ ಪ್ರಾಣಿ. ಬಯಲಿನಲ್ಲಿ ಕುಂಟಿದ್ದನ್ನೇ ತೋಳ ಮೊದಲು ಹಿಡಿಯುತ್ತಿತ್ತು. ಆದ್ದರಿಂದ ನೋವಿದ್ದೂ ಕುಂಟದೆ ನಡೆದವುಗಳ ಸಂತಾನವೇ ಉಳಿದುಕೊಂಡಿತು. ಮುಖ ನೋಡಿದರೆ ಏನೂ ತಿಳಿಯದು. ಬಾಯಿಪಟ್ಟಿ ಮುಖವನ್ನು ಬಿಟ್ಟು ಮೈಯನ್ನು ಕೇಳುತ್ತಿತ್ತು: ಎದೆಬಡಿತಗಳ ನಡುವಿನ ಅಂತರ, ಚರ್ಮದಡಿಯ ಸ್ನಾಯುವಿನ ನಡುಕ, ಹೊಟ್ಟೆಯ ಸದ್ದು, ಬೆವರಿನ ರುಚಿ. ಒಂದೊಂದು ಕುದುರೆಯ ಮೈ ಒಂದೊಂದು ಥರ. ಹಾಗಾಗಿ ಮೊದಲು 'ಶೂನ್ಯ ಹಿಡಿಯಬೇಕು'. ಎರಡು ವರ್ಷದ ಮರಿ ಲಾಯಕ್ಕೆ ಬಂದು ಹೊಂದಿಕೊಂಡ ಮೇಲೆ, ಪಶುವೈದ್ಯರು ತೊಂದರೆಯಿಲ್ಲ ಎಂದ ಮೇಲೆ, ಅದು ಸುಮ್ಮನೆ ನಿಂತಿರುವಾಗ ಕೆಲವು ದಿನ ಪಟ್ಟಿ ಕಟ್ಟಿಡುವುದು. ಬಂದ ಅಳತೆಯೇ ಆ ಕುದುರೆಯ ಶೂನ್ಯ, ತೂಕಕ್ಕೆ ಮೊದಲು ಬರಿಯ ತಕ್ಕಡಿಯನ್ನು ಸರಿಮಾಡಿಕೊಂಡಂತೆ. ಅದಕ್ಕಿಂತ ಎಷ್ಟು ಮೇಲೆ ಹೋಯಿತೋ ಅಷ್ಟು ನೋವು. ಕೆಂಪು ಬಂದರೆ ಓಟವಿಲ್ಲ, ಅದು ಕಾನೂನು.

ಚಾವಟಿ ಹೋಯಿತು. ಓಟದ ನಡುವೆ ಕಾಲು ಮುರಿದು ಬೀಳುವುದು ಅಪರೂಪವಾಯಿತು. ರೇಸ್ ನಿಲ್ಲಿಸಿ ಎಂದು ಗೇಟಿನ ಮುಂದೆ ಕೂಗುತ್ತಿದ್ದವರು ಈಗ ಮಕ್ಕಳನ್ನು ಕರೆದುಕೊಂಡು ಒಳಗೆ ಬರುತ್ತಿದ್ದರು. ಇಷ್ಟೆಲ್ಲ ತನ್ನಿಂದಾಯಿತೆಂಬ ಸಮಾಧಾನ ಇಂಚರಾಳಿಗೆ ನಿಜಕ್ಕೂ ಇತ್ತು.

ಆಗಲೇ ಫೋನು ಬಂತು. ದಸ್ತಗೀರ್.

"ಮೇಡಂ, ನಮ್ಮ ಬಸ್ಸಮ್ಮನ ಪಟ್ಟಿ ಕೆಟ್ಟೋಗದೆ. ಬಿಳಿ ದೀಪ ಹೊಡ್ಕೊಂತಾ ಅದೆ."

ಬಸ್ಸಮ್ಮ ಎಂದರೆ 'ಲಾಸ್ಟ್ ಬಸ್' ಎಂಬ ಹೆಣ್ಣು ಕುದುರೆ. ಯಾವಾಗಲೂ ಕೊನೆಯಲ್ಲಿ ಹೊರಟು ಮೊದಲು ಮುಟ್ಟುತ್ತಿದ್ದ ಅದನ್ನು ಲಾಯದವರು ಮುದ್ದಿನಿಂದ ಬಸ್ಸಮ್ಮ ಮಾಡಿಕೊಂಡಿದ್ದರು. ದಸ್ತಗೀರ್ ಅದರ ಸೈಸ್, ಅಂದರೆ ಮೈ ಉಜ್ಜಿ ಮೇವು ಹಾಕಿ ನೋಡಿಕೊಳ್ಳುವವನು. ಓಟ ಮುಗಿಸಿದ ಕುದುರೆ ಎಲ್ಲಿಗೆ ಹೋಗುತ್ತದೆಂದು ಲಾಯದಲ್ಲಿ ಯಾರೂ ಕೇಳುವುದಿಲ್ಲ. 'ಹೊರಗೆ ಹೋಯ್ತು' ಎನ್ನುತ್ತಾರೆ, ಅಷ್ಟೇ. ಬಸ್ಸಮ್ಮನ ಕಾಲಿನ ನರ ಹರಿದಾಗ ಮಾತ್ರ ದಸ್ತಗೀರ್ ಅನ್ನ ನೀರು ಬಿಟ್ಟು ಹಟ ಹಿಡಿದ. ಇಂಚರಾ ಯಾರ್‍ಯಾರನ್ನೋ ಕಾಡಿ, ಹಿಂದೆ ದನ ಮೇಯಿಸುತ್ತಿದ್ದ ಬೀರನಹಳ್ಳಿ ಕಾವಲಿನ ಒಂದು ಚೂರು ಹುಲ್ಲುಗಾವಲನ್ನು ಪಡೆದು, ಕುದುರೆಯನ್ನೂ ಅವನನ್ನೂ ಅಲ್ಲಿಗೆ ಕಳಿಸಿದ್ದಳು. ಅಲ್ಲಿ ಪಟ್ಟಿಯ ಅಗತ್ಯವೇ ಇರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಹಸಿರು ದೀಪ ನೋಡದಿದ್ದರೆ ದಸ್ತಗೀರನಿಗೆ ಚಹಾ ಇಳಿಯುತ್ತಿರಲಿಲ್ಲ.

ಬಿಳಿ ದೀಪಕ್ಕೆ ಒಂದೇ ಅರ್ಥ. ಅಳತೆ ಶೂನ್ಯಕ್ಕಿಂತ ಕೆಳಗೆ ಇಳಿದಿದೆ, ಅಂದರೆ ಉಪಕರಣ ಕೆಟ್ಟಿದೆ. ಹಾಗೆಂದು ಬರೆದವಳು ಇಂಚರಾಳೇ. ಇಲ್ಲದ ನೋವಿಗಿಂತ ಕಡಿಮೆ ನೋವು ಎಲ್ಲಿಂದ ಬರಬೇಕು?

ಆ ವಾರವೇ ಹೊಸ ಪಟ್ಟಿ ಹಿಡಿದು ಕಾವಲಿಗೆ ಹೋದಳು. ಕಟ್ಟಿದಳು. ಬಿಳಿ. ಕಾರ್ಖಾನೆಯವರನ್ನು ಬೈದುಕೊಳ್ಳುತ್ತ ಇನ್ನೊಂದನ್ನು ಕಟ್ಟಿದಳು. ಅದೂ ಬಿಳಿ. ಬಸ್ಸಮ್ಮ ಈ ಗಲಾಟೆ ಸಾಕೆಂಬಂತೆ ದೂರ ಹೋಗಿ, ಮಣ್ಣಿನಲ್ಲಿ ಹೊರಳಿ, ಕುತ್ತಿಗೆ ನೆಲಕ್ಕೆ ಚಾಚಿ ಬಿಸಿಲಿನಲ್ಲಿ ಮಲಗಿಬಿಟ್ಟಿತು. ನಿದ್ದೆಯಲ್ಲಿ ತುಟಿ ಅದುರುತ್ತಿತ್ತು.

"ಹುಷಾರಿಲ್ವೇನೋ ಇದಕ್ಕೆ?" ಎಂದಳು ಇಂಚರಾ.

"ನಾನೂ ಮೊದ್ಲು ಸತ್ತೇಹೋಯ್ತು ಅಂತ ಬಾಯಿ ಬಡ್ಕೊಂಡೆ ಮೇಡಂ. ಈಗ ದಿನಾ ಹಿಂಗೇ ಮಲಗ್ತದೆ. ಲಾಯದಾಗೆ ಒಂದಿನಾನೂ ಹಿಂಗ್ ಮಲಗಿರ್ಲಿಲ್ಲ. ವಯಸ್ಸಾಯ್ತಲ್ಲ, ಸೋಮಾರಿ ಆಗದೆ."

ಇಂಚರಾ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಪಟ್ಟಿ ಕೆಟ್ಟಿರಲಿಲ್ಲ.

ಶೂನ್ಯ ಹಿಡಿದದ್ದು ಎಲ್ಲಿ? ಲಾಯದಲ್ಲಿ. ಯಾವಾಗ? ಎಲುಬು ಇನ್ನೂ ಕೂಡದ ಮರಿಯನ್ನು ಆಗಲೇ ಓಡಿಸಲು ಶುರು ಮಾಡಿದ ಮೇಲೆ. ದಿನವಿಡೀ ಮೇಯಬೇಕಾದ ಪ್ರಾಣಿಗೆ ಹೊತ್ತು ಹೊತ್ತಿಗೆ ಕಾಳು ಹಾಕಿ, ಖಾಲಿ ಹೊಟ್ಟೆಯ ಆಮ್ಲದಿಂದ ಒಳಗೆ ಹುಣ್ಣಾಗಿದ್ದ ಕಾಲದಲ್ಲಿ. ನಾಲ್ಕು ಗೋಡೆಯ ನಡುವೆ ಒಂಟಿಯಾಗಿ ನಿಂತೇ ಇದ್ದಾಗ. ಎಲ್ಲ ಮರಿಗಳೂ ಹಾಗೇ ಇದ್ದುದರಿಂದ ವೈದ್ಯರು ತೊಂದರೆಯಿಲ್ಲ ಎಂದರು, ಅವಳು ಆ ನೋವನ್ನೇ ಸೊನ್ನೆ ಎಂದು ಬರೆದುಕೊಂಡಳು. ಹುಲ್ಲು, ಬಯಲು, ವಿಶ್ರಾಂತಿ ಸಿಕ್ಕಿ ತಿಂಗಳುಗಳಾದ ಮೇಲೆ ಬಸ್ಸಮ್ಮ ತನ್ನ ನಿಜವಾದ ಸೊನ್ನೆಗೆ ಇಳಿದಿತ್ತು. ಇಂಚರಾ ಬೇಲಿಗೆ ಒರಗಿದಳು. ಅಳು ಬಂತು, ಅತ್ತಳು.

ಒಂದು ಕುದುರೆಯಿಂದ ವಿಜ್ಞಾನವಾಗುವುದಿಲ್ಲ. ಓಟ ಬಿಟ್ಟ ಇನ್ನೂ ಕೆಲವನ್ನು ಕಾವಲಿಗೆ ತರಿಸಿ ಕಾದಳು. ಬೇಗನೋ ತಡವಾಗಿಯೋ ಎಲ್ಲವೂ ಬಿಳಿಯಾದವು. ಆಮೇಲೆ ಅವಳು ಬಸ್ಸಮ್ಮನ ಹಳೆಯ ಟ್ರೈನರ್ ಚೆಂಗಪ್ಪನವರ ಲಾಯಕ್ಕೆ ಹೋದಳು. ಲಾಯದ ಶೂನ್ಯಕ್ಕೂ ಕಾವಲಿನ ಅಳತೆಗೂ ಇದ್ದ ವ್ಯತ್ಯಾಸವನ್ನು ಕಳೆದು, ಅಲ್ಲಿನ ಪಟ್ಟಿಗಳಿಗೆಲ್ಲ ಹೊಸ ಶೂನ್ಯ ಕೊಟ್ಟಳು. ಸಾಲಿನುದ್ದಕ್ಕೂ ದೀಪಗಳು ಒಂದೊಂದಾಗಿ ಕೆಂಪಾದವು. ಕುದುರೆಗಳು ಮಾತ್ರ ಎಂದಿನಂತೆ ಕಿವಿ ನೆಟ್ಟಗೆ ಮಾಡಿಕೊಂಡು ಇವರಿಬ್ಬರನ್ನು ನೋಡುತ್ತ ನಿಂತಿದ್ದವು.

ಚೆಂಗಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಮೊಣಕಾಲು ಬಿಸಿ ಇರತ್ತೆ, ಹೊಟ್ಟೆ ಉರಿ ಇರತ್ತೆ. ಅದೆಲ್ಲ ಇದ್ದದ್ದೇ ಅಲ್ವಾ ಡಾಕ್ಟ್ರೇ?"

"ಇದ್ದದ್ದೇ ಅಂತ ಬಿಟ್ಟಿದ್ದೇ ತಪ್ಪಾಯ್ತು ಚೆಂಗಪ್ಪನವ್ರೇ." ಇಂಚರಾ ಮಗುಚಿಟ್ಟ ಬಕೆಟ್ಟಿನ ಮೇಲೆ "ಅಮ್ಮಾ" ಎನ್ನುತ್ತ ಕೂತಳು.

"ಬೆನ್ನುನೋವು ಯಾವಾಗಿಂದ?"

"ಯಾರಿಗೆ? ನಂಗೇನಿಲ್ಲ."

"ಕೂತಾಗೆಲ್ಲ ಅಮ್ಮನ್ನ ಕರೀತೀರಲ್ಲ, ಹತ್ತು ವರ್ಷದಿಂದ ಕೇಳ್ತಿದೀನಿ."

"ಅದಾ? ಅದು..." ಇದ್ದದ್ದೇ ಎನ್ನಲು ಹೊರಟ ಬಾಯಿ ಮುಚ್ಚಿಕೊಂಡಿತು. ಇಬ್ಬರೂ ನಕ್ಕರು. ಖುಷಿಗೆ ನಕ್ಕದ್ದಲ್ಲ.

ಕೊನೆಯ ಗೂಡಿನಲ್ಲಿ ಹೊಸ ಮರಿಯೊಂದಿತ್ತು. ಬಸ್ಸಮ್ಮನ ತಂಗಿ, ಅದೇ ತಾಯಿಯದು. ಹೆಸರು 'ಫಸ್ಟ್ ಬಸ್'. ಅದರ ಶೂನ್ಯ ಇನ್ನೂ ಹಿಡಿದಿರಲಿಲ್ಲ. ಇಂಚರಾ ಅದರ ಹಣೆ ಸವರಿದಳು. "ಇದನ್ನಾದ್ರೂ ಕಾವಲಿಗೆ ಕಳಿಸಿ. ಎಲುಬು ಗಟ್ಟಿಯಾಗೋವರೆಗೂ ಅಲ್ಲಿರ್ಲಿ. ಶೂನ್ಯ ಅಲ್ಲೇ ಹಿಡಿಯೋಣ. ಒಂದಕ್ಕಾದ್ರೂ ನಿಜವಾದ ಬಾಯಿ ಇರ್ಲಿ."

"ಅಲ್ಲಿ ಹಿಡಿದ್ರೆ ಇದು ನನ್ ಲಾಯದಲ್ಲಿ ಒಂದು ದಿನಾನೂ ಹಸಿರು ತೋರ್ಸಲ್ಲ. ಓಡೋಕೆ ಬಿಡಲ್ಲ. ಓಡದ ಕುದುರೆನ ಮಾಲೀಕ ಇಟ್ಕೋತಾನಾ?" ಚೆಂಗಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ರೇಸೇ ನಿಂತ್ರೆ ಇವೆಲ್ಲ 'ಹೊರಗೆ' ಹೋಗ್ತವೆ ಡಾಕ್ಟ್ರೇ. ನಿಮ್ ಕಾವಲಲ್ಲಿ ಎಷ್ಟಕ್ಕೆ ಜಾಗ ಇದೆ?"

ಕಾವಲಿನಲ್ಲಿ ಜಾಗವಿದ್ದದ್ದು ಬೆರಳೆಣಿಕೆಯಷ್ಟಕ್ಕೆ. ಆದರೂ ಸುಳ್ಳು ಸೊನ್ನೆಯನ್ನು ಹಾಗೇ ಬಿಡುವುದು ಅವಳಿಂದಾಗಲಿಲ್ಲ. ರೇಸುಗಳನ್ನು ನಡೆಸುವ ಸಮಿತಿಯ ಮುಂದೆ ಎಲ್ಲವನ್ನೂ ಇಟ್ಟಳು. ಜಗಳವಾಗುತ್ತದೆ, ತನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಎಲ್ಲರೂ ಗಂಭೀರವಾಗಿ ಕೇಳಿದರು, ಒಬ್ಬಿಬ್ಬರ ಕಣ್ಣೂ ಒದ್ದೆಯಾಯಿತು. ಹೊಸ ಶೂನ್ಯವನ್ನು ಸಮಿತಿ ಒಕ್ಕೊರಲಿನಿಂದ ಒಪ್ಪಿಕೊಂಡಿತು. ಅದೇ ಸಭೆಯಲ್ಲಿ, ಹಸಿರು ಮುಗಿದು ಹಳದಿ ಶುರುವಾಗುವ ಗಡಿಯನ್ನೂ ಹಳದಿ ಮುಗಿದು ಕೆಂಪಾಗುವ ಗಡಿಯನ್ನೂ, ಶೂನ್ಯ ಎಷ್ಟು ಕೆಳಗಿಳಿದಿತ್ತೋ ಅಷ್ಟೇ ಮೇಲಕ್ಕೆ ಸರಿಸಿತು. ದೀಪಗಳು ಮತ್ತೆ ಮೊದಲಿನಂತೆಯೇ ಆದವು.

"ನಿಮ್ಮ ವಿಜ್ಞಾನಕ್ಕೂ ಗೌರವ ಕೊಟ್ಟಂಗಾಯ್ತು, ಕುದುರೆಗಳ ಹೊಟ್ಟೆ ಮೇಲೂ ಹೊಡೀಲಿಲ್ಲ ನೋಡಿ ಮೇಡಂ," ಎಂದು ಅಧ್ಯಕ್ಷರು ಶಾಲು ಹೊದಿಸಿದರು.

ಮುಂದಿನ ವರ್ಷದ ದೊಡ್ಡ ರೇಸಿಗೆ ಇಂಚರಾ ಸೋಫಾದಲ್ಲಿ ಕೂರಲಿಲ್ಲ. ಜನರ ನಡುವೆ, ಪ್ಯಾಡಾಕಿನ ಬೇಲಿ ಹಿಡಿದು ನಿಂತಳು. ಫಸ್ಟ್ ಬಸ್ ಬಂತು. ಎಣ್ಣೆ ಹಚ್ಚಿದಂತೆ ಹೊಳೆಯುವ ಮೈ, ನೆಟ್ಟಗಿನ ಕಿವಿ, ಎದೆಯ ಮೇಲೆ ಹಸಿರು ದೀಪ. ಮಗುವನ್ನು ಎತ್ತಿಕೊಂಡಿದ್ದ ಪಕ್ಕದ ಹೆಂಗಸು, "ಅಲ್ನೋಡು ಪುಟ್ಟಾ, ಹಸಿರು! ಅದಕ್ಕೇನೂ ನೋವಿಲ್ಲ," ಎಂದಳು. ಇಂಚರಾಳಿಗೆ ತಡೆಯಲಾಗಲಿಲ್ಲ.

"ನೋವಿದೆಯಮ್ಮಾ. ದೀಪ ಇಲ್ಲ ಅಂತ ಹೇಳ್ತಿದೆ, ಅಷ್ಟೇ. ಆ ದೀಪ ಮಾಡಿದವಳು ನಾನೇ."

ಹೆಂಗಸು ಇವಳನ್ನು ಒಮ್ಮೆ, ಕುದುರೆಯನ್ನು ಒಮ್ಮೆ ನೋಡಿದಳು. "ಅಷ್ಟು ಚೆನ್ನಾಗಿ ನಡೀತಿದೆಯಲ್ಲಾ ಆಂಟಿ? ನೋವಿಲ್ದಿದ್ರೆ ಮತ್ತೆ ಹೆಂಗಿರತ್ತೆ ಕುದುರೆ?"

ಕೆಣಕಲು ಕೇಳಿದ್ದಲ್ಲ, ಗೊತ್ತಿಲ್ಲದೆ ಕೇಳಿದ್ದು. ಇಂಚರಾ ಗ್ಯಾಲರಿಯತ್ತ ತಿರುಗಿದಳು. ಸಾವಿರಾರು ಜನ, ಮಾಲೀಕರು, ವೈದ್ಯರು, ಕುದುರೆಯನ್ನು ಪ್ರಾಣಕ್ಕಿಂತ ಹೆಚ್ಚು ಎನ್ನುವವರು. ಇಷ್ಟು ಜನರಲ್ಲಿ ನೋವಿಲ್ಲದ ಕುದುರೆಯನ್ನು ಕಂಡವರು ಬಹುಶಃ ಒಬ್ಬರೂ ಇರಲಿಲ್ಲ. ಅವಳು ಕಂಡಿದ್ದಳು. ಕಂಡಾಗ, ಪಟ್ಟಿ ಕೆಟ್ಟಿದೆ ಎಂದು ಎರಡು ಸಲ ಬದಲಾಯಿಸಿದ್ದಳು.